ಮೂರು ಎತ್ತರಗಳ ಒಂದೇ ಗಿಡ: ತೈಲದ ವ್ಯತ್ಯಾಸಕ್ಕೆ ಎತ್ತರವೇ ಕಾರಣವೆಂದು ಬರೆಯಬಹುದೇ?

ತುಳಸಿಎಲೆ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸಸ್ಯಗಳ ಸಾರಭೂತ ತೈಲದ ರಾಸಾಯನಿಕ ಸ್ವರೂಪವೂ ಬ್ಯಾಕ್ಟೀರಿಯಾಗಳನ್ನು ತಡೆಯುವ ಅದರ ಶಕ್ತಿಯೂ ಪ್ರದೇಶದಿಂದ ಪ್ರದೇಶಕ್ಕೆ ಹೇಗೆ ಬದಲಾಗುತ್ತವೆ ಎಂಬ ವಿಷಯದ ಮೇಲೆ ಸ್ನಾತಕೋತ್ತರ ಪ್ರಬಂಧ ಬರೆಯುತ್ತಿದ್ದೇನೆ. ನಾನು ಆರಿಸಿಕೊಂಡಿರುವುದು ಆಸಿಮಮ್ ಗ್ರಾಟಿಸಿಮಮ್ ಎಂಬ, ಪೊದೆಯಾಗಿ ಬೆಳೆಯುವ ದೊಡ್ಡ ಎಲೆಯ ತುಳಸಿ. ಸಮುದ್ರಮಟ್ಟದಿಂದ ಸುಮಾರು 80, 550 ಮತ್ತು 1100 ಮೀಟರ್ ಎತ್ತರದ ಮೂರು ಕಡೆಗಳಲ್ಲಿ ತಲಾ ಹತ್ತು ಗಿಡಗಳ ಎಲೆ ಕೊಯ್ದು, ಒಂದೊಂದು ಕಡೆಯ ಎಲೆಯನ್ನೂ ಒಟ್ಟಿಗೆ ಬೆರೆಸಿ, ನೆರಳಿನಲ್ಲಿ ಒಣಗಿಸಿ, ಕ್ಲೆವೆಂಜರ್ ಉಪಕರಣದಲ್ಲಿ ಮೂರು ಗಂಟೆ ಬಟ್ಟಿ ಇಳಿಸಿದೆ. ಈ ಮೂರು ಮಾದರಿಗಳನ್ನು ಕೆಳಗಿನದು, ನಡುವಿನದು, ಮೇಲಿನದು ಎಂದು ಕರೆಯುತ್ತೇನೆ.

ತೈಲದ ಘಟಕಗಳನ್ನು ಬೇರ್ಪಡಿಸಿ ಗುರುತಿಸುವ ಜಿಸಿ-ಎಂಎಸ್ ಪರೀಕ್ಷೆಯ ಫಲಿತಾಂಶದ ಪ್ರಕಾರ ಕೆಳಗಿನ ತೈಲದಲ್ಲಿ ಥೈಮಾಲ್ ಶೇ. 48, ಗಾಮಾ ಟರ್ಪಿನೀನ್ ಶೇ. 9, ಪ್ಯಾರಾ ಸೈಮೀನ್ ಶೇ. 8 ಇವೆ. ನಡುವಿನದರಲ್ಲಿ ಥೈಮಾಲ್ ಶೇ. 29ಕ್ಕೆ ಇಳಿದು, ಗಾಮಾ ಟರ್ಪಿನೀನ್ ಶೇ. 11ಕ್ಕೂ ಪ್ಯಾರಾ ಸೈಮೀನ್ ಶೇ. 24ಕ್ಕೂ ಏರಿವೆ, ಜೊತೆಗೆ ಶೇ. 6ರಷ್ಟು ಯೂಜೆನಾಲ್ ಕಾಣಿಸಿದೆ. ಮೇಲಿನದರಲ್ಲಿ ಯೂಜೆನಾಲ್ ಶೇ. 64 ಇದ್ದು, ಥೈಮಾಲ್ ಶೇ. 1ಕ್ಕಿಂತಲೂ ಕಡಿಮೆ.

ಸ್ಟಫೈಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ವಿರುದ್ಧ ಡಿಸ್ಕ್ ವಿಧಾನದಲ್ಲಿ, ಅಂದರೆ ತೈಲ ಹೀರಿಸಿದ ಬಿಲ್ಲೆಯನ್ನು ಬ್ಯಾಕ್ಟೀರಿಯಾ ಬೆಳೆಯುವ ಅಗಾರ್ ಲೋಳೆಯ ತಟ್ಟೆಯ ಮೇಲಿಟ್ಟಾಗ, ಸುತ್ತಲೂ ಬೆಳವಣಿಗೆ ನಿಂತ ಪ್ರತಿಬಂಧಕ ವಲಯಗಳು ಇದೇ ಕ್ರಮದಲ್ಲಿ 24, 19 ಮತ್ತು 15 ಮಿಲಿಮೀಟರ್. ಕನಿಷ್ಠ ಪ್ರತಿಬಂಧಕ ಸಾಂದ್ರತೆ, ಅಂದರೆ ಎಂಐಸಿ, ಪ್ರತಿ ಮಿಲಿಲೀಟರಿಗೆ 0.5, 1 ಮತ್ತು 1 ಮೈಕ್ರೋಲೀಟರ್. ಇ. ಕೋಲಿ ವಿರುದ್ಧ ಮೂರೂ ತೈಲಗಳ ಎಂಐಸಿ 1. ಸ್ಯೂಡೋಮೊನಾಸ್ ಎರುಜಿನೋಸಾವನ್ನು ನಾನು ಪರೀಕ್ಷಿಸಿದ ಅತ್ಯಧಿಕ ಸಾಂದ್ರತೆಯಾದ 16 ಕೂಡ ತಡೆಯಲಿಲ್ಲ.

‘ಎತ್ತರ ಹೆಚ್ಚಿದಂತೆ ಥೈಮಾಲ್ ಕಡಿಮೆಯಾಗುತ್ತದೆ, ಆದ್ದರಿಂದ ತೈಲದ ಬ್ಯಾಕ್ಟೀರಿಯಾ ಪ್ರತಿಬಂಧಕ ಶಕ್ತಿಯೂ ಕುಗ್ಗುತ್ತದೆ’ ಎಂಬ ವಾಕ್ಯವನ್ನು ಕರಡಿನಲ್ಲಿ ಬರೆದಿದ್ದೇನೆ. ಅಂಕಿಗಳು ಅದನ್ನೇ ಹೇಳುವಂತೆ ತೋರುತ್ತವೆಯಾದರೂ ಡಿಸ್ಕ್ ಫಲಿತಾಂಶವೂ ಎಂಐಸಿಯೂ ಪರಸ್ಪರ ಹೊಂದದಿರುವುದು ನನ್ನನ್ನು ಕಾಡುತ್ತಿದೆ. ಈ ವಾಕ್ಯವನ್ನು ಹೀಗೆಯೇ ಉಳಿಸಿಕೊಳ್ಳಬಹುದೇ?

ಬೀಜಮೂಲ ಬರೆದ ಉತ್ತರ

ಉಳಿಸಿಕೊಳ್ಳಲಾಗದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ನಿಮ್ಮ ಬಳಿ ಇರುವ ಸಾಮಗ್ರಿ ಆ ವಾಕ್ಯಕ್ಕಿಂತ ಹೆಚ್ಚು ಸ್ವಾರಸ್ಯಕರವಾಗಿದೆ.

ಮೊದಲು ಮೇಲಿನ ಮಾದರಿಯನ್ನು ನೋಡೋಣ. ಥೈಮಾಲ್ ಮತ್ತು ಯೂಜೆನಾಲ್ ಎರಡೂ ಫೀನಾಲುಗಳೇ ಆಗಿದ್ದರೂ ಗಿಡದೊಳಗೆ ಅವು ಹುಟ್ಟುವ ದಾರಿಗಳು ಬೇರೆ ಬೇರೆ. ಥೈಮಾಲ್ ಟರ್ಪೀನುಗಳ ವಂಶಕ್ಕೆ ಸೇರಿದ್ದು. ಹತ್ತು ಇಂಗಾಲದ ಜೆರಾನಿಲ್ ಡೈಫಾಸ್ಫೇಟಿನಿಂದ ಗಾಮಾ ಟರ್ಪಿನೀನ್ ಆಗಿ, ಅಲ್ಲಿಂದ ಉತ್ಕರ್ಷಣಗೊಂಡು ಉಂಟಾಗುತ್ತದೆ. ಯೂಜೆನಾಲ್ ಫಿನೈಲ್ ಅಲನಿನ್ ಎಂಬ ಅಮೈನೋ ಆಮ್ಲದಿಂದ ಹೊರಡುವ ಫಿನೈಲ್‌ಪ್ರೊಪೇನ್ ವರ್ಗದ ವಸ್ತು. ಆದ್ದರಿಂದ ‘ಥೈಮಾಲ್ ಶೇ. 48ರಿಂದ 29ಕ್ಕೆ, ಅಲ್ಲಿಂದ 1ಕ್ಕೆ ಇಳಿಯಿತು’ ಎಂದು ಮೂರು ಅಂಕಿಗಳನ್ನು ಒಂದೇ ಇಳಿಜಾರಿನ ಮೇಲೆ ಜೋಡಿಸುವುದು ಸರಿಯಲ್ಲ. ಮೇಲಿನ ಗಿಡಗಳಲ್ಲಿ ಥೈಮಾಲ್ ಕುಗ್ಗಿದೆ ಎನ್ನುವುದಕ್ಕಿಂತ, ಅವು ಬೇರೆಯೇ ಒಂದು ಕೀಮೋಟೈಪಿಗೆ, ಅಂದರೆ ಅದೇ ಜಾತಿಯೊಳಗಿನ ಬೇರೊಂದು ರಾಸಾಯನಿಕ ಬಗೆಗೆ, ಸೇರಿವೆ ಎನ್ನುವುದು ಹೆಚ್ಚು ಸಂಭವನೀಯ. ಈ ಜಾತಿಯಲ್ಲಿ ಥೈಮಾಲ್ ಮತ್ತು ಯೂಜೆನಾಲ್ ಕೀಮೋಟೈಪುಗಳಿರುವುದು ಹಳೆಯ ಸಂಗತಿ. ಹೊರನೋಟಕ್ಕೆ ಗಿಡ ಒಂದೇ, ಹೂವು ಒಂದೇ, ವೈಜ್ಞಾನಿಕ ಹೆಸರೂ ಒಂದೇ, ತೈಲ ಮಾತ್ರ ಬೇರೆ.

ಕೀಮೋಟೈಪ್ ಎಂಬುದು ಎಷ್ಟರಮಟ್ಟಿಗೆ ಆನುವಂಶಿಕ ಎನ್ನುವುದಕ್ಕೆ ದಕ್ಷಿಣ ಫ್ರಾನ್ಸಿನ ಥೈಮ್ ಗಿಡದಷ್ಟು ಚೆನ್ನಾಗಿ ಅಧ್ಯಯನಗೊಂಡ ಉದಾಹರಣೆ ಕಡಿಮೆ. ಅಲ್ಲಿನ ಥೈಮಸ್ ವಲ್ಗಾರಿಸ್‌ನಲ್ಲಿ ಆರು ಕೀಮೋಟೈಪುಗಳಿವೆ: ಜೆರಾನಿಯಾಲ್, ಆಲ್ಫಾ ಟರ್ಪಿನಿಯಾಲ್, ಥುಜನಾಲ್, ಲಿನಲೂಲ್, ಕಾರ್ವಕ್ರಾಲ್ ಮತ್ತು ಥೈಮಾಲ್. ವೆರ್ನೆ, ಗುಯೋಂ ಮತ್ತು ವಾಲ್ದೆರೋಂ ಎಂಬ ಸಂಶೋಧಕರು 1986ರಲ್ಲಿ ತೋರಿಸಿದಂತೆ ಇವುಗಳನ್ನು ಒಂದರ ಮೇಲೊಂದು ಅಧಿಕಾರ ನಡೆಸುವ ಐದು ಜೀನ್‌ಸ್ಥಾನಗಳು ನಿರ್ಧರಿಸುತ್ತವೆ. ನಾನು ಬರೆದ ಕ್ರಮದಲ್ಲಿ ಮೊದಲಿನದು ತನ್ನ ಮುಂದಿನವೆಲ್ಲವನ್ನೂ ಮುಚ್ಚಿಬಿಡುತ್ತದೆ. ಐದೂ ಸ್ಥಾನಗಳಲ್ಲಿ ಸುಪ್ತ ಜೀನುಗಳೇ ಜೋಡಿಯಾಗಿ ಕೂಡಿದಾಗ ಮಾತ್ರ ಗಿಡ ಥೈಮಾಲಿನದಾಗುತ್ತದೆ.

ಇಷ್ಟಾದರೂ ಆ ಕೀಮೋಟೈಪುಗಳ ಹಂಚಿಕೆ ನೆಲದ ಮೇಲೆ ಅಸ್ತವ್ಯಸ್ತವಾಗಿಲ್ಲ. ಮಾಂಪೆಲಿಯೆ ನಗರದ ಉತ್ತರಕ್ಕಿರುವ ಸ್ಯಾಂ ಮಾರ್ತಾಂ ದ ಲೋಂದ್ರ್ ಎಂಬ ತಗ್ಗುಪ್ರದೇಶದಲ್ಲಿ ಚಳಿಗಾಲದ ರಾತ್ರಿ ತಣ್ಣನೆಯ ಗಾಳಿ ಕೆಳಕ್ಕೆ ಇಳಿದು ನಿಲ್ಲುತ್ತದೆ. ತಗ್ಗಿನ ತಳದಲ್ಲಿ ಫೀನಾಲ್ ಇಲ್ಲದ ಕೀಮೋಟೈಪುಗಳೂ, ಸುತ್ತಲಿನ ಒಣ ಕಲ್ಲುಭೂಮಿಯ ಇಳಿಜಾರುಗಳಲ್ಲಿ ಥೈಮಾಲ್ ಮತ್ತು ಕಾರ್ವಕ್ರಾಲ್ ಕೀಮೋಟೈಪುಗಳೂ ಇದ್ದು, ಕೆಲವೇ ಕಿಲೋಮೀಟರುಗಳೊಳಗೆ ಒಂದು ಮುಗಿದು ಇನ್ನೊಂದು ತೊಡಗುತ್ತದೆ. ಫೀನಾಲ್ ಗಿಡಗಳು ಚಳಿಗಾಲದ ಆರಂಭದ ತೀವ್ರ ಹಿಮಕ್ಕೆ ಸಾಯುತ್ತವೆ, ಆದರೆ ಬೇಸಗೆಯ ಬರವನ್ನು ಉಳಿದವುಗಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತವೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು 1970ರ ದಶಕದ ದಾಖಲೆಗಳಿದ್ದ ಜಾಗಗಳನ್ನೇ ಮತ್ತೆ ಪರಿಶೀಲಿಸಿ, ಕಡುಚಳಿ ಕಡಿಮೆಯಾದ ಮೇಲೆ ಹಿಂದೆ ಇಲ್ಲದಿದ್ದ ಕೆಲವು ಕಡೆಗಳಲ್ಲೂ ಫೀನಾಲ್ ಗಿಡಗಳು ಕಾಲಿಟ್ಟಿರುವುದನ್ನು ವರದಿ ಮಾಡಿತು. ಗಮನಿಸಿ, ಚಳಿಯು ಯಾವುದೇ ಒಂದು ಗಿಡದ ಥೈಮಾಲನ್ನು ಕಡಿಮೆ ಮಾಡಲಿಲ್ಲ. ಯಾವ ಗಿಡ ಉಳಿಯಬೇಕು, ಯಾವುದು ಸಾಯಬೇಕು ಎಂಬುದನ್ನು ತೀರ್ಮಾನಿಸಿತು, ಅಷ್ಟೆ. ‘ಪ್ರದೇಶದ ಪ್ರಭಾವ’ ಎಂಬ ಒಂದೇ ಮಾತಿನಲ್ಲಿ ಈ ಎರಡು ಸಂಗತಿಗಳೂ ಅಡಗಿ ಕುಳಿತಿರುತ್ತವೆ, ನಿಮ್ಮ ವಾಕ್ಯ ಅವೆರಡನ್ನೂ ಒಂದೇ ಎಂದು ಬಗೆಯುತ್ತದೆ. ನಿಮ್ಮ ಮೂರು ಅಂಕಿಗಳಲ್ಲಿ ಎತ್ತರದ ಪಾತ್ರ ಇಂಥದ್ದೂ ಇರಬಹುದು, ಯಾರೋ ಎಂದೋ ಒಂದು ಹಿಡಿ ಬೀಜ ತಂದು ಬಿತ್ತಿದ್ದರ ಫಲವೂ ಆಗಿರಬಹುದು.

ಬೀಜ ತಂದು ಬಿತ್ತುವ ಮಾತು ಸುಮ್ಮನೆ ಆಡಿದ್ದಲ್ಲ. ಕರ್ಪೂರದ ಮರ ಪೂರ್ವ ಏಷ್ಯಾದ್ದು. ಅಲ್ಲಿ ಕರ್ಪೂರ ಕೊಡುವ ಮರಗಳ ಜೊತೆಗೆ ಲಿನಲೂಲ್ ಕೊಡುವ ಮರಗಳೂ ಇವೆ. ಅದೇ ಜಾತಿಯನ್ನು ಮಡಗಾಸ್ಕರಿಗೆ ಒಯ್ದು ಬೆಳೆಸಿದ್ದು, ಅಲ್ಲಿನ ಎಲೆಯ ತೈಲದಲ್ಲಿ ಕರ್ಪೂರ ಇಲ್ಲವೆನ್ನುವಷ್ಟು ಕಡಿಮೆ, 1,8-ಸಿನಿಯೋಲ್ ಹೇರಳ. ಇದನ್ನು ಮಡಗಾಸ್ಕರ್ ಮಣ್ಣಿನ ಮಹಿಮೆ ಎಂದು ವರ್ಣಿಸುವವರಿದ್ದಾರೆ. ಹಡಗು ಹತ್ತಿ ಬಂದ ಮರಗಳು ಯಾವುವು ಎಂಬ ಪ್ರಶ್ನೆಯನ್ನು ಅವರು ಕೇಳಿಕೊಳ್ಳುವುದಿಲ್ಲ.

ನಿಮ್ಮಿಂದ ಆಗುವ ಕೆಲಸವೆಂದರೆ ಮೂರೂ ಕಡೆಗಳ ಗಿಡಗಳಿಂದ ಕಡ್ಡಿ ತಂದು ಒಂದೇ ತೋಟದಲ್ಲಿ ನೆಟ್ಟು ಬೆಳೆಸುವುದು. ಅಲ್ಲಿಯೂ ಮೇಲಿನ ಗಿಡಗಳು ಯೂಜೆನಾಲನ್ನೇ ಕೊಟ್ಟರೆ ವ್ಯತ್ಯಾಸ ವಂಶದ್ದು. ಇನ್ನೂ ತುರ್ತಾದ ಕೆಲಸ ಮತ್ತೊಂದಿದೆ: ಗಿಡಗಳನ್ನು ಬೆರೆಸದೆ ಒಂದೊಂದಾಗಿ ಪರೀಕ್ಷಿಸಿ. ನಡುವಿನ ಮಾದರಿಯ ಶೇ. 6 ಯೂಜೆನಾಲ್ ಹತ್ತೂ ಗಿಡಗಳಿಂದ ಸ್ವಲ್ಪ ಸ್ವಲ್ಪ ಬಂದದ್ದೋ, ಹತ್ತರಲ್ಲಿ ಒಂದೇ ಗಿಡ ಯೂಜೆನಾಲಿನದಾಗಿದ್ದು ಅದೊಂದರಿಂದಲೇ ಬಂದದ್ದೋ, ಬೆರಕೆ ಮಾದರಿಯಿಂದ ಎಂದೂ ತಿಳಿಯದು. ನನಗೆ ಎರಡನೆಯದರ ಮೇಲೆ ಅನುಮಾನ.

ಅಗಾರ್‌ತಟ್ಟೆ ಬರೆದ ಉತ್ತರ

ರಸಾಯನದ ಭಾಗವನ್ನು ಬೀಜಮೂಲ ಅವರಿಗೆ ಬಿಟ್ಟು, ಡಿಸ್ಕ್ ಮತ್ತು ಎಂಐಸಿ ಏಕೆ ಹೊಂದಲಿಲ್ಲ ಎಂಬ ನಿಮ್ಮ ಕಾಡುವ ಪ್ರಶ್ನೆಗೆ ಬರುತ್ತೇನೆ. ಅವು ಹೊಂದಬೇಕಾದ ಕಾರಣವೇ ಇಲ್ಲ.

ಡಿಸ್ಕ್ ವಿಧಾನ ರೂಪುಗೊಂಡದ್ದು ನೀರಿನಲ್ಲಿ ಕರಗಿ ಅಗಾರಿನೊಳಗೆ ಸಲೀಸಾಗಿ ಹರಡುವ ಆಂಟಿಬಯಾಟಿಕ್‌ಗಳಿಗಾಗಿ. ತೈಲ ಹಾಗಲ್ಲ. ಅದರ ಕೆಲವು ಘಟಕಗಳು ನೀರಿಗೆ ಸೇರಲಾರವು, ಕೆಲವು ಡಿಸ್ಕಿನಿಂದ ಆವಿಯಾಗಿ ಮುಚ್ಚಿದ ತಟ್ಟೆಯೊಳಗಿನ ಗಾಳಿಯಲ್ಲಿ ತುಂಬಿ, ಅಲ್ಲಿಂದ ಅಗಾರಿನ ಮೇಲ್ಮೈಗೆ ಮರಳಿ ಇಳಿಯುತ್ತವೆ. ಒಂದೇ ತಟ್ಟೆಯಲ್ಲಿ ಮೂರೂ ಡಿಸ್ಕುಗಳನ್ನು ಇಟ್ಟಿದ್ದರೆ ಒಂದರ ಆವಿ ಇನ್ನೊಂದರ ವಲಯವನ್ನು ಹಿಗ್ಗಿಸಿರುತ್ತದೆ. ಥೈಮಾಲ್ ಸುಮಾರು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಯೂಜೆನಾಲ್ 254ರ ಆಸುಪಾಸಿನಲ್ಲಿ, ಪ್ಯಾರಾ ಸೈಮೀನ್ 177ರಲ್ಲಿ ಕುದಿಯುತ್ತವೆ. ಇಷ್ಟು ಅಂತರವಿರುವ ವಸ್ತುಗಳು ಒಂದು ರಾತ್ರಿ 37 ಡಿಗ್ರಿಯಲ್ಲಿ ಒಂದೇ ಬಗೆಯಲ್ಲಿ ನಡೆದುಕೊಳ್ಳುವುದಿಲ್ಲ. ಆದ್ದರಿಂದ 24 ಮತ್ತು 15 ಮಿಲಿಮೀಟರುಗಳ ನಡುವಿನ ವ್ಯತ್ಯಾಸದಲ್ಲಿ ಶಕ್ತಿಯ ಪಾಲೆಷ್ಟು, ಹರಡುವಿಕೆಯ ಪಾಲೆಷ್ಟು, ಆವಿಯ ಪಾಲೆಷ್ಟು ಎಂದು ಬಿಡಿಸಲಾಗದು. ಘಟಕಗಳೇ ಬೇರೆಯಾಗಿರುವ ತೈಲಗಳನ್ನು ವಲಯದ ಅಗಲದಿಂದ ಹೋಲಿಸುವುದನ್ನು ನಾನು ಕೈಬಿಟ್ಟು ಬಹಳ ವರ್ಷಗಳಾದವು. ಆಂಟಿಬಯಾಟಿಕ್‌ಗಳಿಗೆಂದು ಮಾಡಿದ ‘ಸಂವೇದಿ’, ‘ನಿರೋಧಿ’ ಎಂಬ ಗಡಿಯಂಕಿಗಳನ್ನು ತೈಲಗಳ ವಲಯಕ್ಕೆ ಅನ್ವಯಿಸುವುದಂತೂ ತಪ್ಪು.

ಎಂಐಸಿಗೆ ಬಂದರೆ, ನೀವು ಮಾಡಿರುವುದು ಎರಡರಷ್ಟು ದುರ್ಬಲಗೊಳಿಸುತ್ತಾ ಹೋಗುವ ಸರಣಿ: 16, 8, 4, 2, 1, 0.5. ಇಂಥ ಸರಣಿಯಲ್ಲಿ ಒಂದು ಮೆಟ್ಟಿಲು ಹಿಂದೆ ಮುಂದೆ ಆಗುವುದು ಪರೀಕ್ಷೆಯ ಸಹಜ ಓಲಾಟ. 0.5 ಮತ್ತು 1ರ ನಡುವೆ ಇರುವುದು ಒಂದೇ ಮೆಟ್ಟಿಲು. ಬೇರೆ ಬೇರೆ ದಿನಗಳಲ್ಲಿ, ಹೊಸದಾಗಿ ಬೆಳೆಸಿದ ಬ್ಯಾಕ್ಟೀರಿಯಾದಿಂದ, ಕನಿಷ್ಠ ಮೂರು ಸಲ ಮಾಡಿದಾಗಲೂ ಅದೇ ಕ್ರಮ ಬಂದರೆ ಆಗ ಮಾತನಾಡೋಣ. ಅಲ್ಲಿಯವರೆಗೆ ಮೂರೂ ತೈಲಗಳು ನಿಮ್ಮ ಪರೀಕ್ಷೆಯಲ್ಲಿ ಸಮಾನ ಎಂದೇ ನಾನು ಓದುತ್ತೇನೆ. ಇ. ಕೋಲಿಯ ಸಾಲೂ ಅದನ್ನೇ ಹೇಳುತ್ತಿದೆಯಲ್ಲ! ಘನಪರಿಮಾಣವನ್ನು ತೂಕಕ್ಕೆ ಬದಲಿಸಿಕೊಳ್ಳಿ: ಯೂಜೆನಾಲ್ ನೀರಿಗಿಂತ ಭಾರ, ಅದರ ಸಾಂದ್ರತೆ ಸುಮಾರು 1.07, ಥೈಮಾಲ್ ಬಗೆಯ ತೈಲ 0.9ರ ಆಸುಪಾಸು. ಒಂದು ಮೈಕ್ರೋಲೀಟರ್ ಎಂದಾಗ ಎರಡರಲ್ಲೂ ಹಾಕಿದ ತೂಕ ಒಂದೇ ಆಗಿರುವುದಿಲ್ಲ. ವ್ಯತ್ಯಾಸ ದೊಡ್ಡದಲ್ಲ, ಆದರೆ ಪರೀಕ್ಷಕರು ಕೇಳುವ ಮೊದಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಇನ್ನು ಟ್ವೀನ್ 80 ಎಂಬ ಸಾಬೂನಿನಂಥ ವಸ್ತುವನ್ನು ನೀವು ಬಳಸಿದ್ದರೆ ಒಂದು ಮಾತು. ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ಸಾರಿನಲ್ಲಿ ತೈಲವನ್ನು ಬೆರೆಸಲು ಅದು ಅನುಕೂಲ, ನಿಜ. ಆದರೆ ಅದರ ಸೂಕ್ಷ್ಮ ಹನಿಗಳು ಫೀನಾಲುಗಳನ್ನು ತಮ್ಮೊಳಗೆ ಹಿಡಿದಿಟ್ಟುಕೊಂಡು ಬ್ಯಾಕ್ಟೀರಿಯಾಕ್ಕೆ ತಲುಪದಂತೆ ಮಾಡಬಲ್ಲವು. ಮನ್ ಮತ್ತು ಮಾರ್ಕಮ್ ಎಂಬವರು 1998ರಲ್ಲಿ ವಿವರಿಸಿದ ವಿಧಾನದಲ್ಲಿ ಸಾರಿಗೆ ಶೇ. 0.15ರಷ್ಟು ಅಗಾರ್ ಸೇರಿಸಿ ತೈಲವನ್ನು ತೇಲಿಸುತ್ತಾರೆ. ಸಾಬೂನಿನಂಥ ವಸ್ತು ಅಲ್ಲಿ ಬೇಕಾಗುವುದಿಲ್ಲ. ಯಾವುದನ್ನೇ ಬಳಸಿದರೂ ಪ್ರಮಾಣ ಎಂಐಸಿ ಪ್ಲೇಟಿನ ಎಲ್ಲ ಗುಳಿಗಳಲ್ಲೂ ಒಂದೇ ಇರಲಿ, ಬ್ಯಾಕ್ಟೀರಿಯಾದ ಸಾಂದ್ರತೆ ಪ್ರತಿ ಮಿಲಿಲೀಟರಿಗೆ ಸುಮಾರು 5 ಲಕ್ಷ ಜೀವಕೋಶ ಇರಲಿ, ಪ್ಲೇಟಿನ ಮೇಲೆ ಅಂಟುಹಾಳೆ ಇರಲಿ. ಹಾಳೆ ಇಲ್ಲದಿದ್ದರೆ 16ರ ಗುಳಿಯಿಂದ ಎದ್ದ ಆವಿ ಪಕ್ಕದ ಬರಿಯ ಗುಳಿಯಲ್ಲೂ ಬೆಳವಣಿಗೆಯನ್ನು ತಡೆಯುತ್ತದೆ. ನಾನೇ ಹಿಂದೊಮ್ಮೆ ಇಂಥ ಪ್ಲೇಟು ನೋಡಿ, ತೈಲ ನಂಬಲಾರದಷ್ಟು ಪ್ರಬಲವಾಗಿದೆ ಎಂದು ಎರಡು ದಿನ ಸಂಭ್ರಮಪಟ್ಟಿದ್ದೆ.

ಸ್ಯೂಡೋಮೊನಾಸ್ ಫಲಿತಾಂಶ ಅನಿರೀಕ್ಷಿತವಲ್ಲ. ಅದರ ಹೊರಪೊರೆ ಬಿಗಿ, ಒಳಗೆ ಹೋದದ್ದನ್ನು ಹೊರಹಾಕುವ ಪಂಪುಗಳೂ ಚುರುಕು. ಆದರೆ ಇಂಥ ಹೊರಪೊರೆಯುಳ್ಳ ಇಡೀ ಗುಂಪಿನ ಬಗ್ಗೆ, ‘ಗ್ರಾಂ ಋಣಾತ್ಮಕ ಬ್ಯಾಕ್ಟೀರಿಯಾಗಳು ತೈಲಗಳಿಗೆ ಬಗ್ಗುವುದಿಲ್ಲ’ ಎಂಬ ಸಾಮಾನ್ಯ ಹೇಳಿಕೆಯನ್ನು ದಯವಿಟ್ಟು ಬರೆಯಬೇಡಿ. ಥೈಮಾಲ್ ಮತ್ತು ಕಾರ್ವಕ್ರಾಲ್‌ಗಳು ಇ. ಕೋಲಿಯ ಹೊರಪೊರೆಯಿಂದ ಅದರ ಮುಖ್ಯ ಘಟಕವಾದ ಲೈಪೋಪಾಲಿಸ್ಯಾಕರೈಡನ್ನೇ ಕಳಚಬಲ್ಲವು. ನಿಮ್ಮದೇ ಅಂಕಿಗಳಲ್ಲಿ ಇ. ಕೋಲಿಗೂ ಸ್ಟಫೈಲೋಕಾಕಸಿಗೂ ಒಂದು ಮೆಟ್ಟಿಲಿಗಿಂತ ಹೆಚ್ಚಿನ ಅಂತರವಿಲ್ಲ.

ಥೈಮಾಲ್ ಅರ್ಧಕ್ಕೆ ಹತ್ತಿರ ಇಳಿದರೂ ನಡುವಿನ ತೈಲ ಏಕೆ ಅಷ್ಟೇನೂ ದುರ್ಬಲವಾಗಲಿಲ್ಲ ಎಂಬುದು ನನಗೆ ಕುತೂಹಲದ ವಿಷಯ. ಪ್ಯಾರಾ ಸೈಮೀನ್ ತಾನಾಗಿ ಬಡಪಾಯಿ. ಆದರೆ ಅದು ಜೀವಕೋಶದ ಪೊರೆಯೊಳಗೆ ಸೇರಿ ಪೊರೆಯನ್ನು ಉಬ್ಬಿಸುವುದರಿಂದ ಕಾರ್ವಕ್ರಾಲ್ ಒಳಹೊಗುವುದು ಸುಲಭವಾಗುತ್ತದೆ ಎಂಬುದು ಬ್ಯಾಸಿಲಸ್ ಸೀರಿಯಸ್ ಮೇಲಿನ ಪ್ರಯೋಗಗಳಿಂದ ತಿಳಿದಿದೆ. ಥೈಮಾಲ್ ವಿಷಯದಲ್ಲೂ ಹಾಗೆಯೇ ಆಗಿದೆಯೇ ಎಂದು ನೀವೇ ನೋಡಬಹುದು: ಶುದ್ಧ ಥೈಮಾಲ್, ಶುದ್ಧ ಯೂಜೆನಾಲ್, ನಿಮ್ಮ ಜಿಸಿ ಪಟ್ಟಿಯ ಪ್ರಮಾಣದಲ್ಲೇ ಬೆರೆಸಿದ ಕೃತಕ ಮಿಶ್ರಣ, ಇವುಗಳನ್ನು ತೈಲದ ಪಕ್ಕದಲ್ಲೇ ಅದೇ ಪ್ಲೇಟಿನಲ್ಲಿ ಪರೀಕ್ಷಿಸಿ. ಮಿಶ್ರಣ ಮತ್ತು ತೈಲ ಒಂದೇ ಅಂಕಿ ಕೊಟ್ಟರೆ ನಿಮ್ಮ ಜಿಸಿ ಪಟ್ಟಿ ಸಾಕು. ಕೊಡದಿದ್ದರೆ ಪಟ್ಟಿಯಲ್ಲಿ ಕಾಣದ ಏನೋ ಇದೆ.

ತುಳಸಿಎಲೆ

ಇಬ್ಬರಿಗೂ ಕೃತಜ್ಞತೆಗಳು. ಮರೆಮಾಚದೆ ಹೇಳುವುದಾದರೆ, ಮೂರೂ ಡಿಸ್ಕುಗಳನ್ನು ಒಂದೇ ತಟ್ಟೆಯಲ್ಲಿಟ್ಟಿದ್ದೆ, ಪ್ಲೇಟಿಗೆ ಅಂಟುಹಾಳೆ ಹಾಕಿರಲಿಲ್ಲ.

ನೀವು ಕೇಳದೆ ಉಳಿದ ಎರಡು ಸಂಗತಿಗಳನ್ನೂ ಸೇರಿಸುತ್ತೇನೆ. ಕೆಳಗಿನ ಗಿಡಗಳು ಹೂಬಿಟ್ಟ ಹೊತ್ತಿನಲ್ಲಿ ಕೊಯ್ದವು. ನಡುವಿನವುಗಳಲ್ಲಿ ಹೂವು ಮುಗಿದು ಬೀಜ ಕಟ್ಟಿತ್ತು. ಮೇಲಿನವು ಇನ್ನೂ ಮೊಗ್ಗಿನಲ್ಲಿದ್ದವು. ಅಲ್ಲದೆ ನಡುವಿನ ತೈಲವನ್ನು ಎಲ್ಲಕ್ಕಿಂತ ಮೊದಲು ತೆಗೆದಿದ್ದು, ಜಿಸಿ-ಎಂಎಸ್ ಸರದಿ ಸಿಗುವವರೆಗೆ ನಾಲ್ಕು ತಿಂಗಳು ಅರ್ಧ ತುಂಬಿದ ಸೀಸೆಯಲ್ಲಿ ಕೋಣೆಯ ಉಷ್ಣತೆಯಲ್ಲೇ ಇತ್ತು. ಇದರಿಂದ ವ್ಯತ್ಯಾಸವಾಗಿರಬಹುದೇ?

ಶಿಖರರೇಖೆ ಬರೆದ ಉತ್ತರ

ಆಗಿದೆ ಎಂದೇ ನನ್ನ ಊಹೆ. ನಿಮ್ಮ ಮೊದಲ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಥೈಮಾಲ್ ಅಲ್ಲ, ಗಾಮಾ ಟರ್ಪಿನೀನ್ ಮತ್ತು ಪ್ಯಾರಾ ಸೈಮೀನ್‌ಗಳ ಅನುಪಾತ. ಕೆಳಗಿನ ತೈಲದಲ್ಲಿ ಅವೆರಡೂ ಸರಿಸುಮಾರು ಸಮ, ನಡುವಿನದರಲ್ಲಿ ಪ್ಯಾರಾ ಸೈಮೀನ್ ಎರಡರಷ್ಟನ್ನೂ ಮೀರಿದೆ. ಗಾಮಾ ಟರ್ಪಿನೀನ್ ಗಾಳಿಯ ಆಮ್ಲಜನಕಕ್ಕೆ ಒಡ್ಡಿಕೊಂಡಾಗ ಎರಡು ಹೈಡ್ರೋಜನ್ ಕಳೆದುಕೊಂಡು ಪ್ಯಾರಾ ಸೈಮೀನ್ ಆಗುತ್ತದೆ. ಟೀ ಟ್ರೀ ತೈಲ ಹಳತಾಗಿದೆಯೇ ಎಂದು ತಿಳಿಯಲು ಪ್ಯಾರಾ ಸೈಮೀನ್ ಏರಿಕೆಯನ್ನೇ ಗುರುತಾಗಿ ನೋಡುತ್ತಾರೆ. ಅರ್ಧ ತುಂಬಿದ ಸೀಸೆಯಲ್ಲಿ ಗಾಳಿಗೆ ಜಾಗ ಸಾಕಷ್ಟಿತ್ತು. ಸೀಸೆಯಲ್ಲಿ ನಡೆದದ್ದನ್ನು ನೀವು 550 ಮೀಟರ್ ಎತ್ತರದ ಖಾತೆಗೆ ಬರೆದಂತಾಗಿದೆ.

ಇದರ ಜೊತೆಗೆ ಕೊಯ್ಲಿನ ಹಂತದ ಪ್ರಶ್ನೆಯೂ ಇದೆ. ಥೈಮಾಲ್ ಮತ್ತು ಕಾರ್ವಕ್ರಾಲ್ ಕೊಡುವ ಗಿಡಗಳಲ್ಲಿ ಫೀನಾಲಿನ ಪಾಲು ಸಾಮಾನ್ಯವಾಗಿ ಹೂಬಿಡುವ ಹೊತ್ತಿಗೆ ಹೆಚ್ಚಿರುತ್ತದೆ. ಅದರ ಹಿಂದೆ ಮುಂದೆ ಪ್ಯಾರಾ ಸೈಮೀನ್ ಪಾಲು ಹೆಚ್ಚುತ್ತದೆ. ಹಳೆಯ ಪುಸ್ತಕಗಳಲ್ಲಿ ಗಾಮಾ ಟರ್ಪಿನೀನ್ ಮೊದಲು ಪ್ಯಾರಾ ಸೈಮೀನ್ ಆಗಿ ಆಮೇಲೆ ಥೈಮಾಲ್ ಆಗುತ್ತದೆ ಎಂದಿರುತ್ತದೆ. 2021ರಲ್ಲಿ ಕಿಣ್ವಗಳನ್ನು ಪ್ರತ್ಯೇಕಿಸಿ ಮಾಡಿದ ಕೆಲಸ ಆ ಚಿತ್ರವನ್ನು ತಿದ್ದಿದೆ: ಪಿ450 ಕಿಣ್ವವು ಗಾಮಾ ಟರ್ಪಿನೀನನ್ನು ಅಸ್ಥಿರವಾದ ಒಂದು ಮಧ್ಯವರ್ತಿಯಾಗಿ ಮಾರ್ಪಡಿಸುತ್ತದೆ, ಇನ್ನೊಂದು ಕಿಣ್ವ ಅದನ್ನು ಥೈಮಾಲಿನತ್ತ ಒಯ್ಯುತ್ತದೆ, ಪ್ಯಾರಾ ಸೈಮೀನ್ ದಾರಿಯಲ್ಲಿ ಉದುರಿದ ಉಪೋತ್ಪನ್ನ. ಪೀಠಿಕೆಯಲ್ಲಿ ಹಳೆಯ ಚಿತ್ರವನ್ನು ಬಿಡಿಸಿದ್ದರೆ ಬದಲಾಯಿಸಿಕೊಳ್ಳಿ.

ಬಟ್ಟಿಯ ಬಗ್ಗೆ ಒಂದು ಮಾತು. ಯೂಜೆನಾಲ್ ನೀರಿಗಿಂತ ಭಾರವಾದ್ದರಿಂದಲೂ ನೀರಿನಲ್ಲಿ ತಕ್ಕಮಟ್ಟಿಗೆ ಕರಗುವುದರಿಂದಲೂ, ಹಗುರ ತೈಲಕ್ಕೆಂದು ಮಾಡಿದ ಕ್ಲೆವೆಂಜರಿನಲ್ಲಿ ಅದರ ಒಂದು ಪಾಲು ನೀರಿನ ಜೊತೆಗೇ ಮರಳಿ ಹರಿದುಹೋಗುತ್ತದೆ. ಯುರೋಪಿನ ಔಷಧಕೋಶದ ವಿಧಾನದಲ್ಲಿ ಅಳತೆಗೊಳವೆಗೆ ಸ್ವಲ್ಪ ಜೈಲೀನ್ ಹಾಕುವುದು ಇಂಥ ತೈಲವನ್ನು ಹಿಡಿಯಲು. ಆದರೆ ಜೈಲೀನ್ ಬೆರೆತ ತೈಲವನ್ನು ಬ್ಯಾಕ್ಟೀರಿಯಾ ಪರೀಕ್ಷೆಗೆ ಬಳಸುವಂತಿಲ್ಲ, ಆದ್ದರಿಂದ ಇಳುವರಿಯ ಅಳತೆಗೆ ಒಂದು ಬಟ್ಟಿ, ಪರೀಕ್ಷೆಗೆ ಇನ್ನೊಂದು ಬೇಕಾಗುತ್ತದೆ. ಬಟ್ಟಿಯೇ ಹೊಸ ವಸ್ತುವನ್ನು ಹುಟ್ಟಿಸುವುದೂ ಉಂಟು. ಕ್ಯಾಮೊಮೈಲ್ ತೈಲದ ನೀಲಿ ಬಣ್ಣಕ್ಕೆ ಕಾರಣವಾದ ಕಮಜುಲೀನ್ ಹೂವಿನಲ್ಲಿ ಇರುವುದಿಲ್ಲ, ಮ್ಯಾಟ್ರಿಸಿನ್ ಎಂಬ ವಸ್ತು ಬಿಸಿಗೆ ಒಡೆದು ಉಂಟಾಗುತ್ತದೆ.

ಗುರುತಿಸುವಿಕೆಯಲ್ಲಿ ಸಾಫ್ಟ್‌ವೇರ್ ಕೊಟ್ಟ ಹೆಸರನ್ನೇ ನೆಚ್ಚಿಕೊಂಡಿದ್ದೀರಾ? ಥೈಮಾಲ್ ಮತ್ತು ಕಾರ್ವಕ್ರಾಲ್‌ಗಳ ಎಂಎಸ್ ಚಿತ್ರಗಳು ಅವಳಿಗಳಂತೆ, ಎರಡರಲ್ಲೂ 135 ಮತ್ತು 150ರ ಗೆರೆಗಳೇ ಎದ್ದುಕಾಣುತ್ತವೆ. ಆಲ್ಕೇನ್ ಸರಣಿಯನ್ನು ಹಾಯಿಸಿ ಧಾರಣ ಸೂಚ್ಯಂಕ, ಅಂದರೆ ಆ ಸರಣಿಗೆ ಹೋಲಿಸಿ ಘಟಕವು ಕಾಲಮ್ಮಿನಿಂದ ಯಾವಾಗ ಹೊರಬರುತ್ತದೆ ಎಂಬ ಅಂಕಿ, ಲೆಕ್ಕಹಾಕಿ. ಡಿಬಿ-5 ಬಗೆಯ ಕಾಲಮ್ಮಿನಲ್ಲಿ ಥೈಮಾಲ್ 1290ರ, ಕಾರ್ವಕ್ರಾಲ್ 1299ರ, ಯೂಜೆನಾಲ್ 1359ರ ಹತ್ತಿರ ಬರಬೇಕು. ಅಂತೆಯೇ ನೀವು ಶೇಕಡಾ ಎಂದು ಬರೆದಿರುವುದು ಜಿಸಿ ನಕ್ಷೆಯ ಶಿಖರಗಳ ವಿಸ್ತೀರ್ಣದ ಶೇಕಡಾ, ತೂಕದ್ದಲ್ಲ. ಒಂದು ಘಟಕ ಶೇ. 64 ಆಕ್ರಮಿಸಿದರೆ ಉಳಿದವು ನಿಜವಾಗಿ ಕುಗ್ಗದೆಯೂ ಕುಗ್ಗಿದಂತೆ ಕಾಣುತ್ತವೆ. ಪ್ರಮಾಣ ಗೊತ್ತಿರುವ ಬೇರೊಂದು ವಸ್ತುವನ್ನು ಆಂತರಿಕ ಮಾನಕವಾಗಿ ಸೇರಿಸಿ, ಒಂದು ಗ್ರಾಂ ಒಣ ಎಲೆಯಲ್ಲಿ ಎಷ್ಟು ಮಿಲಿಗ್ರಾಂ ಥೈಮಾಲ್ ಎಂದು ಹೇಳಿದರೆ ಮಾತ್ರ ಗಿಡದ ಬಗ್ಗೆ ಏನಾದರೂ ಹೇಳಿದಂತೆ. ಬೀಜಮೂಲ ಅವರು ಹೇಳಿದ ಗಿಡಗಿಡದ ಪರೀಕ್ಷೆಗೆ ಬಟ್ಟಿಯೇ ಬೇಡ; ನೂರು ಮಿಲಿಗ್ರಾಂ ಎಲೆಯನ್ನು ಹೆಕ್ಸೇನಿನಲ್ಲಿ ನೆನೆಸಿ ಸೋಸಿದ ದ್ರವವೇ ಜಿಸಿಗೆ ಸಾಕು.

ಇಬ್ಬನಿ ಬರೆದ ಉತ್ತರ

ಚರ್ಚೆ ಆನುವಂಶಿಕತೆಯ ಕಡೆಗೆ ಸ್ವಲ್ಪ ಹೆಚ್ಚಾಗಿಯೇ ವಾಲಿದೆ ಎಂದು ನನಗನ್ನಿಸುತ್ತದೆ. ಒಂದೇ ಗಿಡದ ಕಡ್ಡಿಯಿಂದ ಬೆಳೆಸಿದ ಪೆಪ್ಪರ್‌ಮಿಂಟಿನಲ್ಲಿ, ದೀರ್ಘ ಹಗಲು ಮತ್ತು ತಂಪು ರಾತ್ರಿ ಇದ್ದಾಗ ಮೆಂಥೋನ್ ಹೆಚ್ಚುವುದನ್ನೂ, ಗಿಡ್ಡ ಹಗಲು ಮತ್ತು ಬೆಚ್ಚನೆಯ ರಾತ್ರಿಯಲ್ಲಿ ಪುಲಿಗೋನ್ ಮತ್ತು ಮೆಂಥೋಫ್ಯುರಾನ್ ಹೆಚ್ಚುವುದನ್ನೂ 1960ರ ದಶಕದಲ್ಲೇ ತೋರಿಸಲಾಗಿದೆ. ಅಲ್ಲಿ ಜೀನು ಬದಲಾಗಿಲ್ಲ, ರಾತ್ರಿಯ ಉಷ್ಣತೆ ಬದಲಾಗಿದೆ, ಅಷ್ಟೆ. ಇದೇ ಆಸಿಮಮ್ ಗ್ರಾಟಿಸಿಮಮ್‌ನ ಯೂಜೆನಾಲ್ ಗಿಡಗಳಲ್ಲಿ ದಿನದ ಹೊತ್ತಿನೊಂದಿಗೆ ಯೂಜೆನಾಲ್ ಪಾಲು ಭಾರಿ ಏರಿಳಿಯುವುದನ್ನು ಬ್ರೆಜಿಲ್‌ನ ಸಂಶೋಧಕರು ವರದಿ ಮಾಡಿದ್ದಾರೆ. ನಡುಮಧ್ಯಾಹ್ನ ಹೆಚ್ಚು, ಸಂಜೆಗೆ ತೀರ ಕಡಿಮೆ. ಮೂರೂ ಕಡೆಗಳಲ್ಲಿ ಒಂದೇ ಹೊತ್ತಿನಲ್ಲಿ ಕೊಯ್ದಿರಾ ಎಂಬುದನ್ನು ಯಾರೂ ಕೇಳಲಿಲ್ಲ.

ಆದ್ದರಿಂದ ಒಂದೇ ತೋಟದ ಪ್ರಯೋಗ ಅರ್ಧ ಉತ್ತರ ಮಾತ್ರ. ಮೇಲಿನ ಕಡ್ಡಿ ಕೆಳಗೂ, ಕೆಳಗಿನ ಕಡ್ಡಿ ಮೇಲೂ ಬೆಳೆಯಬೇಕು. ಆಗ ವಂಶದ ಪಾಲು, ಜಾಗದ ಪಾಲು, ಎರಡೂ ಕೂಡಿದಾಗಿನ ಪಾಲು ಬೇರೆ ಬೇರೆಯಾಗಿ ಕಾಣುತ್ತವೆ. ಅದಕ್ಕೂ ‘ಎತ್ತರ’ ಎಂದು ಹೆಸರಿಡಬೇಕಾದರೆ ಒಂದು ತಗ್ಗು, ಒಂದು ಎತ್ತರ ಸಾಲದು. ಎತ್ತರದ ಜೊತೆಗೆ ಮಳೆ, ಮಣ್ಣು, ಅತಿನೇರಳೆ ಕಿರಣ ಎಲ್ಲವೂ ಬದಲಾಗುವುದರಿಂದ ಒಂದೊಂದು ಎತ್ತರಕ್ಕೂ ಹಲವು ತಾಣಗಳು ಬೇಕು.

ಬೀಜಮೂಲ

ಇಬ್ಬನಿ ಅವರ ಆಕ್ಷೇಪವನ್ನು ಒಪ್ಪುತ್ತೇನೆ, ಕೊಯ್ಲಿನ ಹೊತ್ತನ್ನು ಕೇಳದಿದ್ದದ್ದು ನನ್ನ ಲೋಪ. ಒಂದು ಮಾತು ಮಾತ್ರ ಉಳಿಯುತ್ತದೆ: ಬ್ರೆಜಿಲ್‌ನ ಗಿಡಗಳಲ್ಲಿ ಯೂಜೆನಾಲ್ ಇಳಿದಾಗ ಏರಿದ್ದು 1,8-ಸಿನಿಯೋಲ್, ಥೈಮಾಲ್ ಅಲ್ಲ. ಗಿಡ ತನ್ನ ಬಳಿ ಇರುವ ವಸ್ತುಗಳ ಪ್ರಮಾಣವನ್ನು ಹೊತ್ತಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡೀತು, ಇಲ್ಲದ ವಸ್ತುವನ್ನು ಎಲ್ಲಿಂದ ತಂದೀತು?

ತೈಲವನ್ನು ಊರಿನ ಹೆಸರಿನಿಂದ ಕರೆಯುವ ಬದಲು ಘಟಕದ ಹೆಸರಿನಿಂದ ಕರೆಯುವುದು ಏಕೆ ಮೇಲು ಎಂಬುದಕ್ಕೆ ಟೀ ಟ್ರೀ ತೈಲದ ಅಂತರರಾಷ್ಟ್ರೀಯ ಮಾನದಂಡವನ್ನು ನೋಡಬಹುದು. ಮೆಲಲ್ಯೂಕಾ ಆಲ್ಟರ್ನಿಫೋಲಿಯಾ ಆಸ್ಟ್ರೇಲಿಯಾದ ಗಿಡ, ಅದರಲ್ಲಿಯೂ ಆರು ಕೀಮೋಟೈಪುಗಳಿವೆ. ಆದರೆ ಐಎಸ್‌ಒ 4730 ಕೇಳುವುದು ಗಿಡ ಎಲ್ಲಿ ಬೆಳೆಯಿತು ಎಂದಲ್ಲ. 2017ರ ಆವೃತ್ತಿಯ ಪ್ರಕಾರ ಟರ್ಪಿನೆನ್-4-ಆಲ್ ಶೇ. 35ರಿಂದ 48ರೊಳಗೆ ಇರಬೇಕು, 1,8-ಸಿನಿಯೋಲ್ ಶೇ. 10 ಮೀರಬಾರದು.

ತುಳಸಿಎಲೆ

ಕೊಯ್ಲಿನ ಪುಸ್ತಕ ತೆರೆದು ನೋಡಿದೆ. ಕೆಳಗೆ ಬೆಳಿಗ್ಗೆ 8, ನಡುವೆ ಮಧ್ಯಾಹ್ನ 3, ಮೇಲೆ 12.

ಕರಡಿನಿಂದ ಆ ವಾಕ್ಯವನ್ನು ತೆಗೆದಿದ್ದೇನೆ. ಸದ್ಯಕ್ಕೆ ಬರೆದಿರುವುದು ಇಷ್ಟು: ‘ಮೂರು ತಾಣಗಳಲ್ಲಿ ಥೈಮಾಲ್ ಮತ್ತು ಯೂಜೆನಾಲ್ ಪ್ರಧಾನವಾದ ಎರಡು ಬಗೆಯ ತೈಲಗಳು ದೊರೆತವು, ಸ್ಟಫೈಲೋಕಾಕಸ್ ಮತ್ತು ಇ. ಕೋಲಿ ವಿರುದ್ಧ ಅವುಗಳ ಎಂಐಸಿಗಳಲ್ಲಿ ಒಂದು ಮೆಟ್ಟಿಲಿಗಿಂತ ಹೆಚ್ಚಿನ ವ್ಯತ್ಯಾಸ ಕಂಡುಬರಲಿಲ್ಲ.’ ಡಿಸ್ಕ್ ಫಲಿತಾಂಶವನ್ನು ಅನುಬಂಧಕ್ಕೆ ಕಳಿಸಿದ್ದೇನೆ. ಮುಂದಿನ ವಾರ ಮತ್ತೆ ಹೋಗಿ ಮೂರೂ ಕಡೆ ಗಿಡಗಳಿಗೆ ಒಂದೊಂದು ಸಂಖ್ಯೆಯ ಚೀಟಿ ಕಟ್ಟಿ, ಒಂದೊಂದರಿಂದಲೂ ಎಲೆ ಮತ್ತು ಎರಡೆರಡು ಕಡ್ಡಿ ತರುವವನಿದ್ದೇನೆ. ಕಡ್ಡಿ ಚಿಗುರಿದ ಮೇಲೆ ಎಷ್ಟನೆಯ ಎಲೆಜೋಡಿಯನ್ನು ಪರೀಕ್ಷೆಗೆ ತೆಗೆದುಕೊಳ್ಳಬೇಕು?

ಶಿಖರರೇಖೆ

ತುದಿಯಿಂದ ಮೂರನೆಯ ಜೋಡಿಯನ್ನೇ ಎಲ್ಲ ಗಿಡಗಳಲ್ಲೂ ತೆಗೆದುಕೊಳ್ಳಿ, ಎಳೆಯ ಎಲೆ ಮತ್ತು ಬಲಿತ ಎಲೆಗಳ ತೈಲ ಒಂದೇ ಆಗಿರುವುದಿಲ್ಲ. ಕಡ್ಡಿಯ ಜೊತೆಗೆ ಬಂದ ಹಳೆಯ ಎಲೆಗಳನ್ನು ಲೆಕ್ಕಕ್ಕೆ ಸೇರಿಸಬೇಡಿ. ಅವು ಹಿಂದಿನ ಜಾಗದಲ್ಲಿ ಬೆಳೆದವು. ನಡುವಿನ ತೈಲ ಸೀಸೆಯಲ್ಲಿ ಇನ್ನೂ ಉಳಿದಿದ್ದರೆ ಎಸೆಯದೆ ಮತ್ತೊಮ್ಮೆ ಜಿಸಿಗೆ ಹಾಕಿ ನೋಡಿ. ಗಾಮಾ ಟರ್ಪಿನೀನ್ ಇನ್ನಷ್ಟು ಇಳಿದು ಪ್ಯಾರಾ ಸೈಮೀನ್ ಇನ್ನಷ್ಟು ಏರಿದ್ದರೆ ನನ್ನ ಊಹೆಗೆ ಬಲ ಬಂದಂತೆ.